ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಖಾಲಿದ್ ಜಮೀಲ್ ಬದಲಾದರೆ ಗೋಲು ಬರುತ್ತದೆಯೇ?

ಬಾಂಗ್ಲಾದೇಶ 1, ಭಾರತ 0. ನವೆಂಬರ್ 18, 2025ರಂದು ಢಾಕಾದಲ್ಲಿ ಮುಗಿದ ಪಂದ್ಯದ ಲೆಕ್ಕ ಇಷ್ಟೇ. 11ನೇ ನಿಮಿಷದಲ್ಲಿ ಶೇಖ್ ಮೊರ್ಸಲಿನ್ ಒಂದು ಗೋಲು ಹೊಡೆದರು. ಉಳಿದ ಸಮಯವೆಲ್ಲ ನಮ್ಮ ಹುಡುಗರು ಓಡಿದರು, ಬೆವರು ಹರಿಸಿದರು, ಆದರೆ ಚೆಂಡು ಬಲೆಯೊಳಗೆ ಹೋಗಲೇ ಇಲ್ಲ. ಭಾರತದ ವಿರುದ್ಧ ಬಾಂಗ್ಲಾದೇಶ ಗೆದ್ದದ್ದು 22 ವರ್ಷಗಳ ನಂತರ. ಮರುದಿನ ಬಂದ ಫಿಫಾ ರ‍್ಯಾಂಕಿಂಗ್‌ನಲ್ಲಿ ಭಾರತದ ಸ್ಥಾನ 142ಕ್ಕೆ ಇಳಿದಿತ್ತು. ಇದೇ ಭಾರತ 2023ರ ಜುಲೈಯಲ್ಲಿ 99ನೇ ಸ್ಥಾನದಲ್ಲಿತ್ತು ಅಂದರೆ ಈಗ ನಂಬುವುದೇ ಕಷ್ಟ.

ಸೋಲಿನ ಮರುದಿನ ನಮ್ಮಲ್ಲಿ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಅಂಗಡಿ ಬಾಗಿಲಲ್ಲಿ, ಬಸ್ಸಿನಲ್ಲಿ, ಮನೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದೇ ತೀರ್ಪು: “ಕೋಚನ್ನು ತೆಗೀಬೇಕು ಮಾರಾಯ್ರೇ!” ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಯಾರನ್ನು ತರಬೇಕು ಅಂತಲೂ ಹೇಳಿಬಿಡುತ್ತಾರೆ. ಆಟ ನೋಡುವವರಿಗೆ ಸಿಟ್ಟು ಬರುವುದು ತಪ್ಪಲ್ಲ. ಆದರೆ ಒಬ್ಬ ಮನುಷ್ಯನ ಕೆಲಸ ಕಿತ್ತುಕೊಳ್ಳಬೇಕೆಂದು ಹೇಳುವ ಮೊದಲು, ಕಾಯಿಲೆ ನಿಜವಾಗಿಯೂ ಅವನ ಕೈಯಲ್ಲೇ ಇದೆಯೇ ಅಂತ ನೋಡಬೇಕಲ್ಲ? ಈ ವಾರ ನಾವು ಅದನ್ನೇ ನೋಡೋಣ.

ಯಾರು ಈ ಖಾಲಿದ್?

ಖಾಲಿದ್ ಜಮೀಲ್ ಹುಟ್ಟಿದ್ದು 1977ರಲ್ಲಿ, ಕುವೈತಿನಲ್ಲಿ. ಗಲ್ಫಿನಲ್ಲಿ ದುಡಿಯುವ ಮನೆಗಳ ಮಕ್ಕಳು ಹೇಗೆ ಬೆಳೆಯುತ್ತಾರೆ ಅಂತ ನಮ್ಮ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಭಾರತಕ್ಕೆ ಬಂದು ಮಹೀಂದ್ರಾ ಯುನೈಟೆಡ್, ಏರ್ ಇಂಡಿಯಾ, ಮುಂಬೈ ಎಫ್‌ಸಿ ತಂಡಗಳಲ್ಲಿ ಆಡಿದರು. ಆಟ ನಿಲ್ಲಿಸಿದ ಮೇಲೆ ಮುಂಬೈ ಎಫ್‌ಸಿಗೇ ಕೋಚ್ ಆದರು.

ದೇಶಕ್ಕೆ ಅವರ ಹೆಸರು ಗೊತ್ತಾದದ್ದು 2016–17ರಲ್ಲಿ. ಮಿಜೋರಾಂನ ಐಜ್ವಾಲ್ ಎಫ್‌ಸಿ ಎಂಬ ಚಿಕ್ಕ ತಂಡ ಅದಕ್ಕಿಂತ ಹಿಂದಿನ ವರ್ಷ ಐ-ಲೀಗ್‌ನಿಂದ ಕೆಳಗೆ ಬಿದ್ದಿತ್ತು. ಹೇಗೋ ಮರಳಿ ಅವಕಾಶ ಸಿಕ್ಕಿತು. ಅದೇ ತಂಡವನ್ನು ಹಿಡಿದುಕೊಂಡು, ಕೋಲ್ಕತ್ತಾದ ದೊಡ್ಡ ದೊಡ್ಡ ಕ್ಲಬ್‌ಗಳನ್ನೂ ಬೆಂಗಳೂರು ಎಫ್‌ಸಿಯನ್ನೂ ಹಿಂದೆ ಹಾಕಿ ಖಾಲಿದ್ ಐ-ಲೀಗ್ ಗೆದ್ದರು. 2023–24 ಮತ್ತು 2024–25, ಎರಡು ವರ್ಷವೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್‌ನ ವರ್ಷದ ಶ್ರೇಷ್ಠ ಕೋಚ್ ಪ್ರಶಸ್ತಿ ಅವರಿಗೇ ಬಂತು. 2025ರ ಆಗಸ್ಟ್ 1ರಂದು ರಾಷ್ಟ್ರೀಯ ತಂಡದ ಹೊಣೆ ಅವರ ಹೆಗಲಿಗೆ ಬಿತ್ತು. 170 ಅರ್ಜಿಗಳಲ್ಲಿ ಕೊನೆಗೆ ಉಳಿದ ಮೂವರಲ್ಲಿ ಅವರೊಬ್ಬರೇ ಭಾರತೀಯರು. 2012ರಲ್ಲಿ ಸೇವಿಯೊ ಮೆದೈರಾ ಹೋದ ಮೇಲೆ ಈ ಕುರ್ಚಿಯಲ್ಲಿ ಪೂರ್ಣಾವಧಿಗೆ ಕೂತ ಮೊದಲ ಭಾರತೀಯ ಅವರು.

ಶುರುವಾತು ಚೆನ್ನಾಗಿಯೇ ಇತ್ತು. ತಜಿಕಿಸ್ತಾನದಲ್ಲಿ ನಡೆದ ಕಾಫಾ ನೇಷನ್ಸ್ ಕಪ್‌ನಲ್ಲಿ ಆತಿಥೇಯರನ್ನೇ 2–1ರಿಂದ ಸೋಲಿಸಿದರು. ಇರಾನ್ ಎದುರು 0–3ರಲ್ಲಿ ಸೋತರೂ, ಮೂರನೇ ಸ್ಥಾನಕ್ಕಾಗಿ ನಡೆದ ಪಂದ್ಯದಲ್ಲಿ ಒಮಾನ್ ವಿರುದ್ಧ ಪೆನಾಲ್ಟಿಯಲ್ಲಿ ಗೆದ್ದರು. ಆವತ್ತು ಕೊನೆಯ ಪೆನಾಲ್ಟಿ ತಡೆದದ್ದು ಬೆಂಗಳೂರು ಎಫ್‌ಸಿಯ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು. ಮಸ್ಕತ್‌ನಲ್ಲಿರುವ ನಮ್ಮವರು ಆ ರಾತ್ರಿ ಕಚೇರಿಯ ಒಮಾನಿ ಗೆಳೆಯರಿಗೆ ಏನೇನು ಮೆಸೇಜ್ ಕಳಿಸಿದರೋ ಏನೋ!

ಆದರೆ ನಿಜವಾದ ಪರೀಕ್ಷೆ ಇದ್ದದ್ದು ಏಷ್ಯನ್ ಕಪ್ ಅರ್ಹತಾ ಪಂದ್ಯಗಳಲ್ಲಿ. ಅಕ್ಟೋಬರ್ 9ರಂದು ಸಿಂಗಾಪುರದಲ್ಲಿ ಹತ್ತೇ ಜನ ಆಟಗಾರರು ಉಳಿದಿದ್ದಾಗ 90ನೇ ನಿಮಿಷಕ್ಕೆ ರಹೀಂ ಅಲಿ ಗೋಲು ಹೊಡೆದು 1–1 ಮಾಡಿದರು. ಐದು ದಿನ ಬಿಟ್ಟು ಗೋವಾದ ಮಡಗಾಂವ್‌ನಲ್ಲಿ ಅದೇ ಸಿಂಗಾಪುರದ ಎದುರು ಚಾಂಗ್ಟೆ ಮೊದಲು ಗೋಲು ಹೊಡೆದರೂ ನಮ್ಮವರು 1–2ರಿಂದ ಸೋತರು. ಅಲ್ಲಿಗೆ ಆಸೆ ಮುಗಿಯಿತು. ಢಾಕಾದ್ದು ಬರೀ ಮಾನದ ಪಂದ್ಯ, ಅದೂ ಹೋಯಿತು.

ತೆಗೆಯಬೇಕು ಅನ್ನುವವರ ಮಾತು

ಕೋಚನ್ನು ಬದಲಿಸಬೇಕು ಅನ್ನುವವರ ಮಾತಿನಲ್ಲಿ ಹುರುಳಿಲ್ಲ ಅಂತ ತಳ್ಳಿಹಾಕುವಂತಿಲ್ಲ. 2027ರ ಏಷ್ಯನ್ ಕಪ್ ನಡೆಯುವುದು ಸೌದಿ ಅರೇಬಿಯಾದಲ್ಲಿ. ರಿಯಾದ್, ಜಿದ್ದಾ, ದಮಾಮ್‌ನಲ್ಲಿ ನಮ್ಮ ಮನೆಗಳ ಎಷ್ಟು ಮಂದಿ ಇದ್ದಾರೆ! ಹಿಂದಿನ ಏಷ್ಯನ್ ಕಪ್ ಕತಾರ್‌ನಲ್ಲಿ ನಡೆದಾಗ ಗ್ಯಾಲರಿಯಲ್ಲಿ ನೀಲಿ ಅಂಗಿ ಹಾಕಿ ಕೂತವರಲ್ಲಿ ಕರಾವಳಿಯವರೂ ಕೇರಳದವರೂ ಇದ್ದರು. 2019ಕ್ಕೂ 2023ಕ್ಕೂ ಅರ್ಹತೆ ಪಡೆದ ತಂಡ ಈ ಸಲ ಹೊರಗೆ ಕೂತು ನೋಡಬೇಕು. ಸಿಂಗಾಪುರ, ಹಾಂಕಾಂಗ್, ಬಾಂಗ್ಲಾದೇಶ ಇದ್ದ ಗುಂಪಿನಲ್ಲಿ ಮೇಲೆ ಬರಲಾಗದಿದ್ದರೆ ಇನ್ನು ಯಾವ ಗುಂಪಿನಲ್ಲಿ ಬರುವುದು?

ಖಾಲಿದ್ ಆಡಿಸುವ ರೀತಿಯ ಬಗ್ಗೆಯೂ ದೂರು ಉಂಟು. ಮೊದಲು ಗೋಲು ಬಿಡಬಾರದು, ಸಿಕ್ಕಿದಾಗ ಉದ್ದ ಚೆಂಡು ಹೊಡೆದು ದಾಳಿ ಮಾಡಬೇಕು ಅನ್ನುವುದು ಅವರ ಮಟ್ಟಸದ ಆಟ. ಮುನ್ನಡೆ ಇರುವಾಗ ಅದು ಕೆಲಸ ಮಾಡುತ್ತದೆ. ಹಿಂದೆ ಬಿದ್ದ ಮೇಲೆ, ಎದುರಾಳಿ ಕೋಟೆ ಕಟ್ಟಿಕೊಂಡು ನಿಂತಾಗ, ಅದನ್ನು ಬಿಡಿಸುವ ಕೀಲಿ ನಮ್ಮ ಹತ್ತಿರ ಇರಲಿಲ್ಲ. ಇದು ಕೋಚ್ ಉತ್ತರ ಕೊಡಲೇಬೇಕಾದ ಪ್ರಶ್ನೆ. ಅವರು ಒಳ್ಳೆಯ ಮನುಷ್ಯ, ಕಡಿಮೆ ಮಾತಿನವರು ಅನ್ನುವುದು ಇದಕ್ಕೆ ಉತ್ತರವಾಗುವುದಿಲ್ಲ.

ಬದಲಿಸಿ ಬದಲಿಸಿ ಏನಾಯಿತು?

ಈಗ ಇನ್ನೊಂದು ಲೆಕ್ಕ ನೋಡಿ. 2024ರ ಜೂನ್‌ನಲ್ಲಿ ಕ್ರೊಯೇಷಿಯಾದ ಇಗೋರ್ ಸ್ಟಿಮಾಚ್ ಅವರನ್ನು ತೆಗೆದರು. ಜುಲೈಯಲ್ಲಿ ಸ್ಪೇನಿನ ಮನೋಲೊ ಮಾರ್ಕ್ವೆಜ್ ಬಂದರು. 2025ರ ಜುಲೈಗೆ ಅವರೂ ಹೋದರು. ಆಗಸ್ಟ್‌ಗೆ ಖಾಲಿದ್. ಹದಿನಾಲ್ಕು ತಿಂಗಳಲ್ಲಿ ಮೂರು ಕೋಚ್‌ಗಳು.

ಸ್ಟಿಮಾಚ್ ಕಾಲದಲ್ಲಿ, 2024ರ ಜನವರಿಯ ಏಷ್ಯನ್ ಕಪ್‌ನಲ್ಲಿ ಭಾರತ ಆಸ್ಟ್ರೇಲಿಯಾ, ಉಜ್ಬೇಕಿಸ್ತಾನ, ಸಿರಿಯಾ ಮೂರರ ಎದುರೂ ಸೋತಿತು. ಮೂರು ಪಂದ್ಯಗಳಲ್ಲಿ ಹೊಡೆದ ಗೋಲು ಸೊನ್ನೆ. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನದ ಎದುರು ಸೋಲು. ಜೂನ್‌ನಲ್ಲಿ ಕುವೈತ್ ಜೊತೆ ಗೋಲಿಲ್ಲದ ಡ್ರಾ, ಕತಾರ್ ಎದುರು 1–2. “ಇವನಿಂದಲೇ ಎಲ್ಲ ಹಾಳಾಯ್ತು” ಅಂದರು, ತೆಗೆದರು. ಒಪ್ಪಂದ ಮುಗಿಯುವ ಮೊದಲೇ ತೆಗೆದದ್ದಕ್ಕೆ ಕೊನೆಗೆ ಫೆಡರೇಶನ್ 4 ಲಕ್ಷ ಡಾಲರ್ ಪರಿಹಾರ ಕೊಡಬೇಕಾಯಿತು. ನಮ್ಮ ರೂಪಾಯಿಯಲ್ಲಿ ಮೂರು ಕೋಟಿಗೂ ಮಿಕ್ಕಿ. ಎಷ್ಟು ಊರಿನ ಮೈದಾನಗಳಿಗೆ ಮಣ್ಣು ಹಾಕಿ ಗೋಲ್ ಪೋಸ್ಟ್ ನೆಡಬಹುದಿತ್ತು ಈ ದುಡ್ಡಿನಲ್ಲಿ?

ಮನೋಲೊ ಬಂದರು. ಅವರು ಸಾಮಾನ್ಯದವರಲ್ಲ, ಐಎಸ್‌ಎಲ್‌ನಲ್ಲಿ ಹೈದರಾಬಾದ್‌ಗೆ ಕಪ್ ಗೆದ್ದುಕೊಟ್ಟವರು. ಆದರೆ ಭಾರತ ತಂಡದೊಂದಿಗೆ ಅವರ ಎಂಟು ಪಂದ್ಯಗಳಲ್ಲಿ ಗೆಲುವು ಒಂದೇ ಒಂದು, ಅದೂ ಮಾಲ್ದೀವ್ಸ್ ವಿರುದ್ಧ. ಬಾಂಗ್ಲಾದೇಶದ ಜೊತೆ ಶಿಲ್ಲಾಂಗ್‌ನಲ್ಲಿ 0–0. ಹಾಂಕಾಂಗ್‌ನಲ್ಲಿ 0–1. ಅದೇ ಮನೋಲೊ ಅದೇ ವರ್ಷ ಎಫ್‌ಸಿ ಗೋವಾ ತಂಡಕ್ಕೂ ಕೋಚ್ ಆಗಿದ್ದರು. 2025ರ ಮೇಯಲ್ಲಿ ಸೂಪರ್ ಕಪ್ ಫೈನಲ್‌ನಲ್ಲಿ ಗೋವಾ 3–0ರಿಂದ ಗೆದ್ದಿತು. ಆವತ್ತು ಸೋತ ಜಮ್ಶೆಡ್‌ಪುರದ ಕೋಚ್ ಯಾರು ಗೊತ್ತೇ? ಇದೇ ಖಾಲಿದ್ ಜಮೀಲ್.

ಅಂದರೆ ದೇಶದ ಆ ಹೊತ್ತಿನ ಇಬ್ಬರು ಒಳ್ಳೆಯ ಕೋಚ್‌ಗಳು ಒಬ್ಬರ ನಂತರ ಒಬ್ಬರು ಬಂದು ಕೂತರು. ಕ್ಲಬ್‌ನಲ್ಲಿ ಗೆಲ್ಲುವ ಇಬ್ಬರೂ ದೇಶದ ತಂಡಕ್ಕೆ ಬಂದಾಗ ಗೋಲಿಗಾಗಿ ಪರದಾಡಿದರು. ಮೂರು ಜನ ವೈದ್ಯರು ಬದಲಾದರೂ ಜ್ವರ ಇಳಿಯಲಿಲ್ಲ ಅಂದರೆ ನಾಲ್ಕನೇ ವೈದ್ಯರನ್ನು ಹುಡುಕುವ ಮೊದಲು ಮನೆಯ ಬಾವಿ ನೀರನ್ನೊಮ್ಮೆ ನೋಡಬಾರದೇ?

ಬದಲಾವಣೆ ಫಲಿಸಿದ್ದೂ ಉಂಟು

ಕೋಚ್ ಬದಲಿಸಿದರೆ ಯಾವತ್ತೂ ಪ್ರಯೋಜನ ಇಲ್ಲ ಅಂತ ನಾವು ಹೇಳುತ್ತಿಲ್ಲ. ದೊಡ್ಡ ಉದಾಹರಣೆ ಮೊರಾಕ್ಕೊ. 2022ರ ವಿಶ್ವಕಪ್‌ಗೆ ಮೂರೂಕಾಲು ತಿಂಗಳು ಇರುವಾಗ ಅವರು ಕೋಚ್ ವಾಹಿದ್ ಹಲಿಲ್ಹೊಜಿಚ್ ಅವರನ್ನು ಕಳಿಸಿಬಿಟ್ಟರು. ತಂಡವನ್ನು ವಿಶ್ವಕಪ್‌ಗೆ ತಲುಪಿಸಿದವರೇ ಅವರು. ಆದರೆ ಹಕೀಂ ಜಿಯೆಚ್‌ರಂಥ ಆಟಗಾರರ ಜೊತೆ ಮಾತುಕತೆ ಮುರಿದುಬಿದ್ದಿತ್ತು, ಜಿಯೆಚ್ ಇನ್ನು ದೇಶಕ್ಕೆ ಆಡುವುದಿಲ್ಲ ಅಂತ ಹೇಳಿಬಿಟ್ಟಿದ್ದರು. ಹೊಸದಾಗಿ ಬಂದ ವಲೀದ್ ರೆಗ್ರಾಗಿ ಮಾಡಿದ ಮೊದಲ ಕೆಲಸವೇ ಮುನಿಸಿಕೊಂಡವರನ್ನು ಮನೆಗೆ ಕರೆದದ್ದು. ಮುಂದಿನದ್ದು ನಿಮಗೆಲ್ಲ ಗೊತ್ತು. ಬೆಲ್ಜಿಯಂ, ಸ್ಪೇನ್, ಪೋರ್ಚುಗಲ್ ಮೂರನ್ನೂ ದಾಟಿ ಸೆಮಿಫೈನಲ್. ಆಫ್ರಿಕಾದಿಂದಾಗಲಿ ಅರಬ್ ದೇಶಗಳಿಂದಾಗಲಿ ಅಲ್ಲಿಯವರೆಗೆ ಯಾರೂ ಹೋಗಿರಲಿಲ್ಲ. ಗೆದ್ದ ಆಟಗಾರರು ಓಡಿ ಹೋಗಿ ಅಮ್ಮಂದಿರ ಹಣೆಗೆ ಮುತ್ತಿಟ್ಟ ಚಿತ್ರಗಳು ನಮ್ಮ ಮನೆಮನೆಯ ಮೊಬೈಲಿಗೂ ಬಂದಿದ್ದವು.

ಆದರೆ ಅಲ್ಲಿ ಬದಲಾವಣೆ ಯಾಕೆ ಫಲಿಸಿತು? ಆಟಗಾರರು ಇದ್ದರು, ಯುರೋಪಿನ ದೊಡ್ಡ ಕ್ಲಬ್‌ಗಳಲ್ಲಿ ವಾರವಾರ ಆಡುತ್ತಿದ್ದರು. 2009ರ ಹೊತ್ತಿಗೇ ಕಟ್ಟಿದ ಮೊಹಮ್ಮದ್ 6 ಅಕಾಡೆಮಿಯಿಂದ ಎನ್-ನೆಸಿರಿ, ಅಗೆರ್ದ್, ಔನಾಹಿ ಅಂಥವರು ಬೆಳೆದು ಬಂದಿದ್ದರು. ಅಕ್ಕಿಯೂ ಇತ್ತು, ಕಟ್ಟಿಗೆಯೂ ಇತ್ತು. ಅಡುಗೆಯವನಿಗೂ ಮನೆಯವರಿಗೂ ಜಗಳ, ಅಷ್ಟೇ. ಅಡುಗೆಯವನು ಬದಲಾದ, ಊಟ ಬಂತು.

ಇಂಗ್ಲೆಂಡಿನ ಚೆಲ್ಸಿಯಲ್ಲೂ ಹಾಗೇ ಆಯಿತು. 2021ರ ಜನವರಿಯಲ್ಲಿ ಲ್ಯಾಂಪಾರ್ಡ್ ಹೋಗಿ ಟುಕೆಲ್ ಬಂದರು, ಮೇಯಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದರು. ಅಷ್ಟು ದೂರ ಯಾಕೆ, ಖಾಲಿದ್ ಅವರೇ ಇದಕ್ಕೆ ಸಾಕ್ಷಿ. ಅದೇ 2021ರ ಜನವರಿಯಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ತನ್ನ ಸ್ಪ್ಯಾನಿಷ್ ಕೋಚನ್ನು ತೆಗೆದು ತಾತ್ಕಾಲಿಕವಾಗಿ ಖಾಲಿದ್ ಕೈಗೆ ತಂಡ ಕೊಟ್ಟಿತು. ಲೀಗ್ ಹಂತದ ಉಳಿದ ಪಂದ್ಯಗಳಲ್ಲಿ ಒಂದನ್ನೂ ಸೋಲದೆ ಅವರು ಪ್ಲೇಆಫ್ ತಲುಪಿದರು. ಐಎಸ್‌ಎಲ್‌ನಲ್ಲಿ ಅಲ್ಲಿಯವರೆಗೆ ತಂಡವನ್ನು ಕರೆದೊಯ್ದ ಮೊದಲ ಭಾರತೀಯ ಕೋಚ್ ಅವರೇ. ಆದರೆ ಮರುವರ್ಷ ಅದೇ ಖಾಲಿದ್, ಅದೇ ತಂಡ, ಹತ್ತನೇ ಸ್ಥಾನ! ಹೊಸ ಕೋಚ್ ಬಂದ ಖುಷಿಯ ಗಾಳಿ ಎಷ್ಟು ದಿನ ಬೀಸುತ್ತದೆ ಅಂತ ಇದರಿಂದ ತಿಳಿಯುತ್ತದೆ.

ಬೆಂಗಳೂರಿನ ಪಾಠ

ನಮ್ಮ ರಾಜ್ಯದ ಬೆಂಗಳೂರು ಎಫ್‌ಸಿಯ ಕತೆ ಇನ್ನೂ ಚೆನ್ನಾಗಿ ಕಲಿಸುತ್ತದೆ. 2019ರಲ್ಲಿ ಐಎಸ್‌ಎಲ್ ಗೆದ್ದುಕೊಟ್ಟ ಕಾರ್ಲೆಸ್ ಕುವಾದ್ರಾತ್ ಅವರನ್ನು 2021ರ ಜನವರಿಯಲ್ಲಿ, ಸಾಲಾಗಿ ಮೂರು ಪಂದ್ಯ ಸೋತ ಕೂಡಲೇ ಕಳಿಸಿದರು. ತಂಡ ಏಳನೇ ಸ್ಥಾನದಲ್ಲಿ ಮುಗಿಸಿತು. ಏನೂ ಮೇಲೇಳಲಿಲ್ಲ.

2022–23ರಲ್ಲಿ ಸೈಮನ್ ಗ್ರೇಸನ್ ಕೋಚ್. ಐಎಸ್‌ಎಲ್‌ನ ಮೊದಲರ್ಧದಲ್ಲಿ ಸೋಲಿನ ಮೇಲೆ ಸೋಲು. ಆದರೂ ತೆಗೆಯಲಿಲ್ಲ, ತಾಳಿಕೊಂಡರು. ಲೀಗ್‌ನ ಕೊನೆಯಲ್ಲಿ ಸಾಲಾಗಿ ಎಂಟು ಪಂದ್ಯ ಗೆದ್ದು, ಫೈನಲ್‌ಗೆ ಹೋಗಿ, ಪೆನಾಲ್ಟಿಯಲ್ಲಿ ಕಪ್ ತಪ್ಪಿತು. ಅದರ ಮುಂದಿನ ವರ್ಷ ಮತ್ತೆ ಕೆಟ್ಟ ಆರಂಭ. ಈ ಸಲ ತಾಳ್ಮೆ ಇರಲಿಲ್ಲ. 2023ರ ಡಿಸೆಂಬರ್‌ನಲ್ಲಿ ಗ್ರೇಸನ್ ಹೋದರು, ಹೆರಾರ್ಡ್ ಸರಗೋಸಾ ಬಂದರು. ತಂಡ 12ರಲ್ಲಿ 10ನೇ ಸ್ಥಾನ. ಆದರೆ ಸರಗೋಸಾರನ್ನು ಉಳಿಸಿಕೊಂಡರು, ಒಂದು ಪೂರ್ತಿ ಬೇಸಿಗೆ ಆಟಗಾರರ ಜೊತೆ ಕೆಲಸ ಮಾಡಲು ಬಿಟ್ಟರು. 2025ರ ಏಪ್ರಿಲ್‌ನಲ್ಲಿ ಅದೇ ತಂಡ ಫೈನಲ್ ಆಡಿತು.

ಇದು ಬರೀ ಒಂದು ಕ್ಲಬ್ಬಿನ ಮಾತಲ್ಲ. ನೆದರ್‌ಲ್ಯಾಂಡ್ಸ್‌ನ ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ಅವರು ಆ ದೇಶದ ಲೀಗಿನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಕೂತು ಲೆಕ್ಕ ಹಾಕಿದ್ದರು. ಸೋಲುತ್ತಿರುವಾಗ ಕೋಚನ್ನು ಬದಲಿಸಿದ ತಂಡಗಳು ಸ್ವಲ್ಪ ದಿನದಲ್ಲಿ ಸುಧಾರಿಸಿದವು, ನಿಜ. ಆದರೆ ಅಷ್ಟೇ ಕೆಟ್ಟದಾಗಿ ಸೋಲುತ್ತಿದ್ದೂ ಕೋಚನ್ನು ಬದಲಿಸದ ತಂಡಗಳೂ ಹೆಚ್ಚುಕಡಿಮೆ ಹಾಗೆಯೇ ಸುಧಾರಿಸಿದವು! ಮಳೆಗಾಲದ ಶೀತ ಔಷಧ ಕುಡಿದರೆ ಒಂದು ವಾರಕ್ಕೆ, ಕುಡಿಯದಿದ್ದರೆ ಏಳು ದಿನಕ್ಕೆ ಗುಣ ಅಂತ ಹಿರಿಯರು ತಮಾಷೆಗೆ ಹೇಳುವುದುಂಟಲ್ಲ, ಹಾಗೆ.

ಕಲಿಸುವ ಕೆಲಸದಲ್ಲಿರುವ ನಮಗೆ ಇದು ಬೇಗ ಅರ್ಥವಾಗುತ್ತದೆ. ವರ್ಷದ ನಡುವೆ ಮೇಷ್ಟ್ರು ಬದಲಾದರೆ ಹೊಸಬರಿಗೆ ಮೊದಲ ತಿಂಗಳು ಮಕ್ಕಳ ಹೆಸರು ಕಲಿಯುವುದರಲ್ಲೇ ಹೋಗುತ್ತದೆ. ಯಾವ ಮಗುವಿಗೆ ಗದರಿದರೆ ಓದುತ್ತದೆ, ಯಾವುದಕ್ಕೆ ಬೆನ್ನು ತಟ್ಟಿದರೆ ಓದುತ್ತದೆ ಅಂತ ತಿಳಿಯುವಷ್ಟರಲ್ಲಿ ಪರೀಕ್ಷೆ ಬಂದಿರುತ್ತದೆ. ರಾಷ್ಟ್ರೀಯ ತಂಡದ ಕೋಚಿಗೆ ಆ ಒಂದು ತಿಂಗಳೂ ಸಿಗುವುದಿಲ್ಲ. ಫಿಫಾ ಬಿಡುವು ಕೊಡುವುದು ಒಂದು ಸಲಕ್ಕೆ ಹತ್ತು ದಿನದ ಆಸುಪಾಸು.

ನೆಲವೇ ಡೊಂಕಾಗಿದ್ದರೆ?

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ಇದೆ. ಸೋತ ಕೋಚ್ ಏನು ಹೇಳಿದರೂ ನಾವು ಈ ಗಾದೆಯನ್ನು ಅವರ ಮುಖಕ್ಕೆ ಹಿಡಿಯುತ್ತೇವೆ. ಆದರೆ ಒಮ್ಮೊಮ್ಮೆ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ.

2025ರಲ್ಲಿ ಖಾಲಿದ್ ಕೈಗೆ ತಂಡ ಬಂದಾಗ ಪರಿಸ್ಥಿತಿ ಏನಿತ್ತು? ಐಎಸ್‌ಎಲ್ ನಡೆಸುವ ಕಂಪನಿಗೂ ಫೆಡರೇಶನ್‌ಗೂ ಇದ್ದ ಒಪ್ಪಂದ ಡಿಸೆಂಬರ್ 8ಕ್ಕೆ ಮುಗಿಯಲಿತ್ತು. ಮುಂದೇನು ಅಂತ ತೀರ್ಮಾನವಾಗದೆ ಜುಲೈಯಲ್ಲೇ ಲೀಗನ್ನು ತಡೆಹಿಡಿದರು. ಎಂದಿನಂತೆ ಸೆಪ್ಟೆಂಬರ್‌ನಲ್ಲಿ ಶುರುವಾಗಬೇಕಿದ್ದದ್ದು ಶುರುವಾಗಲಿಲ್ಲ. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ, ಸಿಬ್ಬಂದಿಯ ಸಂಬಳವನ್ನೇ ನಿಲ್ಲಿಸಿರುವುದಾಗಿ ಪ್ರಕಟಿಸಿತು. ನವೆಂಬರ್‌ನಲ್ಲಿ ಲೀಗಿನ ವಾಣಿಜ್ಯ ಹಕ್ಕಿಗೆ ಟೆಂಡರ್ ಕರೆದರೆ ಒಂದೇ ಒಂದು ಬಿಡ್ ಬರಲಿಲ್ಲ. ಢಾಕಾದಲ್ಲಿ ಸೋತದ್ದು ಅದೇ ತಿಂಗಳು.

ಲೀಗ್ ಇಲ್ಲದೆ, ಸಂಬಳದ ಖಾತ್ರಿ ಇಲ್ಲದೆ, ನಾಳೆ ಯಾವ ಕ್ಲಬ್ಬು ಇರುತ್ತದೋ ಯಾವುದು ಮುಚ್ಚುತ್ತದೋ ಗೊತ್ತಿಲ್ಲದೆ ಬಂದ ಹುಡುಗರನ್ನು ಹಿಡಿದು ಆಡಿಸಬೇಕಿತ್ತು. ಅದರ ಮೇಲೆ ಕಾಫಾ ಟೂರ್ನಿಗೆ ಬೆಂಗಳೂರಿನಲ್ಲಿ ಶಿಬಿರ ನಡೆದಾಗ, ಅದು ಫಿಫಾ ದಿನಗಳಲ್ಲಿ ಇಲ್ಲ ಅಂತ ಮೋಹನ್ ಬಾಗಾನ್ ತನ್ನ ಆಟಗಾರರನ್ನು ಕಳಿಸಲಿಲ್ಲ. ಕ್ಲಬ್ಬಿಗೂ ಅದರದ್ದೇ ಕಾರಣ ಇರಬಹುದು, ನಿಯಮವೂ ಅದರ ಪರವಾಗಿತ್ತು. ಆದರೆ ಕೋಚಿಗೆ ಸಿಕ್ಕಿದ್ದು ಅರ್ಧ ತಂಡ.

ಗೋಲಿನ ಬರಕ್ಕೆ ಇನ್ನೂ ಹಳೆಯ ಕಾರಣ ಇದೆ. ನಮ್ಮ ಲೀಗಿನಲ್ಲಿ ಒಂದು ತಂಡ ಏಕಕಾಲಕ್ಕೆ ನಾಲ್ಕು ವಿದೇಶಿಯರನ್ನು ಆಡಿಸಬಹುದು. ಕ್ಲಬ್‌ಗಳು ಆ ಜಾಗವನ್ನು ಮೊದಲು ಯಾವುದಕ್ಕೆ ಬಳಸುತ್ತವೆ? ಗೋಲು ಹೊಡೆಯುವ ನಡುವಿನ ಫಾರ್ವರ್ಡ್ ಜಾಗಕ್ಕೆ. ನಮ್ಮ ಹುಡುಗರು ಬದಿಯಲ್ಲಿ ಓಡಿ ಪಾಸ್ ಕೊಡುವುದನ್ನು ಕಲಿಯುತ್ತಾರೆ, ಗೋಲಿನ ಎದುರು ನಿಂತು ಹೊಡೆಯುವುದನ್ನಲ್ಲ. ಹಾಗಾಗಿಯೇ 2024ರ ಜೂನ್‌ನಲ್ಲಿ ವಿದಾಯ ಹೇಳಿದ ಸುನಿಲ್ ಛೆಟ್ರಿ ಅವರನ್ನು 2025ರ ಮಾರ್ಚ್‌ನಲ್ಲಿ ಮತ್ತೆ ಕರೆಸಬೇಕಾಯಿತು. ಆ ವರ್ಷದ ಐಎಸ್‌ಎಲ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು, 14, ಹೊಡೆದದ್ದು ನಲವತ್ತು ವರ್ಷದ ಅವರೇ. ಛೆಟ್ರಿಗೆ ಇದು ಹೆಮ್ಮೆ, ದೇಶಕ್ಕೆ ನಾಚಿಕೆ. ಇಪ್ಪತ್ತೆರಡರ ಹುಡುಗನೊಬ್ಬ ಅವರ ಜಾಗಕ್ಕೆ ಸಿದ್ಧನಾಗದೆ ಇರುವುದಕ್ಕೆ ಢಾಕಾದ ಸೋಲಿಗೆ ಮೂರೂವರೆ ತಿಂಗಳ ಮೊದಲಷ್ಟೇ ಬಂದಿದ್ದ ಕೋಚ್ ಹೊಣೆಯೇ?

10–1ರ ನಂತರ ಏನು ಮಾಡಿದರು?

ನಮ್ಮ ಫುಟ್‌ಬಾಲಿನ ಇತಿಹಾಸದಲ್ಲೇ ಇದಕ್ಕೊಂದು ದಾರಿ ಉಂಟು. ಹೈದರಾಬಾದ್‌ನ ಸೈಯದ್ ಅಬ್ದುಲ್ ರಹೀಂ ಅವರ ಹೆಸರು ‘ಮೈದಾನ್’ ಸಿನಿಮಾ ಬಂದ ಮೇಲೆ ಮಕ್ಕಳಿಗೂ ಗೊತ್ತು. ಅವರು ವೃತ್ತಿಯಿಂದ ಶಾಲಾ ಶಿಕ್ಷಕರು. 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಗೇಮ್ಸ್‌ನಲ್ಲಿ ಇರಾನನ್ನು ಸೋಲಿಸಿ ಚಿನ್ನ ತಂದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಯುಗೊಸ್ಲಾವಿಯಾದ ಎದುರು 10–1ರ ಸೋಲು! ಢಾಕಾದ 1–0ಕ್ಕೇ ಇಷ್ಟು ಸಿಟ್ಟು ಬರುವ ನಮಗೆ ಅವತ್ತು ಮೊಬೈಲ್ ಇದ್ದಿದ್ದರೆ ರಹೀಂ ಸಾಹೇಬರ ಗತಿ ಏನಾಗುತ್ತಿತ್ತೋ.

ಆದರೆ ಅವತ್ತಿನವರು ಕಾರಣ ಹುಡುಕಿದರು. ಆ ಚಳಿಯ ನಾಡಿನಲ್ಲಿ ನಮ್ಮ ಕೆಲವು ಆಟಗಾರರು ಬರಿಗಾಲಲ್ಲಿ ಆಡಿದ್ದರು. ಅಲ್ಲಿಂದ ಬಂದ ಮೇಲೆ ಬೂಟು ಕಡ್ಡಾಯವಾಯಿತು. ಆಟ ಬದಲಾಯಿತು, ಆಡಿಸುವ ಕ್ರಮ ಬದಲಾಯಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದಾಗಲೂ ಕೋಚ್ ರಹೀಂ ಅವರೇ. ತಂಡದಲ್ಲಿ ಬೆಂಗಳೂರಿನ ಕೆಂಪಯ್ಯನವರೂ ಇದ್ದರು. ಆಸ್ಟ್ರೇಲಿಯಾವನ್ನು ಅದರ ನೆಲದಲ್ಲೇ 4–2ರಿಂದ ಸೋಲಿಸಿ ಸೆಮಿಫೈನಲ್ ಸೇರಿದರು. ಅಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯಾ. ಮೊದಲ ಗೋಲು ಹೊಡೆದದ್ದು ಭಾರತ. ಕೊನೆಗೆ 1–4ರಿಂದ ಸೋತು ನಾಲ್ಕನೇ ಸ್ಥಾನ ಪಡೆದರು. ಆ ಸ್ಥಾನವನ್ನು ಭಾರತ ಮತ್ತೆ ಯಾವತ್ತೂ ಮುಟ್ಟಿಲ್ಲ.

1962ರಲ್ಲಿ ಜಕಾರ್ತಾ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0–2ರ ಸೋಲು. ಫೈನಲ್‌ನಲ್ಲಿ ಅದೇ ಕೊರಿಯಾವನ್ನು 2–1ರಿಂದ ಸೋಲಿಸಿ ಚಿನ್ನ. ಮರುವರ್ಷ ಜೂನ್‌ನಲ್ಲಿ ಕ್ಯಾನ್ಸರ್‌ನಿಂದ ರಹೀಂ ತೀರಿಕೊಂಡರು. ಸೋಲಿನಿಂದ ಬೂಟಿನ ಪಾಠ ಕಲಿತ ಕಾಲ ಅದು. ಈಗ ನಾವು ಸೋಲಿನಿಂದ ಕಲಿಯುವುದು ಮುಂದಿನ ಕೋಚ್‌ನ ಹೆಸರನ್ನು ಮಾತ್ರ.

ನಮ್ಮವ ಅನ್ನುವ ಪ್ರೀತಿ

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಖಾಲಿದ್ ನೇಮಕವಾದಾಗ ನಮ್ಮ ಅನೇಕ ಮನೆಗಳಲ್ಲಿ “ನಮ್ಮವ ಕೋಚ್ ಆದ” ಅಂತ ಖುಷಿಪಟ್ಟರು. ಖುಷಿಪಡುವುದರಲ್ಲಿ ತಪ್ಪೇನಿಲ್ಲ. ಸೋತ ಮೇಲೆ ಕೆಲವರು ಹೊರಗೆ ಅವರ ಹೆಸರನ್ನು ಹಿಡಿದೇ ಹೀಯಾಳಿಸಿದರು, ಇಲ್ಲಿ ಕೆಲವರು ಹೆಸರಿಗಾಗಿಯೇ ಸಮರ್ಥಿಸಿದರು. ಎರಡೂ ಅವರಿಗೆ ಮಾಡುವ ಅನ್ಯಾಯ. ಐಜ್ವಾಲ್‌ನ ಕ್ರೈಸ್ತ ಹುಡುಗರು, ಜಮ್ಶೆಡ್‌ಪುರದ ಆದಿವಾಸಿ ನೆಲದ ಅಭಿಮಾನಿಗಳು ಅವರನ್ನು ತಲೆಮೇಲೆ ಹೊತ್ತದ್ದು ಅವರ ಕೆಲಸ ನೋಡಿ. ಸ್ಟಿಮಾಚ್‌ಗೆ ಹಿಡಿದ ಅಳತೆಗೋಲು ಯಾವುದೋ ಖಾಲಿದ್‌ಗೂ ಅದೇ ಇರಲಿ. ಒಂದು ಅಂಗುಲ ಹೆಚ್ಚು ಬೇಡ, ಕಡಿಮೆಯೂ ಬೇಡ.

ಹಾಗಾದರೆ ಏನು ಮಾಡಬೇಕು?

ನಮ್ಮ ಅಭಿಪ್ರಾಯ ಸ್ಪಷ್ಟ. ಢಾಕಾದ ಸೋಲಿಗಾಗಿ ಕೋಚನ್ನು ಬದಲಿಸುವುದು ಬೇಡ. ಆದರೆ ಚೆಕ್ಕಿಗೆ ಸಹಿ ಹಾಕಿ ಮೊತ್ತ ಬರೆಯದೆ ಕೊಟ್ಟ ಹಾಗೆಯೂ ಆಗಬಾರದು. ಕನಿಷ್ಠ ಎರಡು ವರ್ಷ ಕೊಡಿ, ಏನನ್ನು ನೋಡಿ ತೀರ್ಮಾನಿಸುತ್ತೇವೆ ಅಂತ ಮೊದಲೇ ಹೇಳಿ.

ನೋಡಬೇಕಾದದ್ದು ಮೂರು. ಒಂದು, ಆಟಗಾರರು ಅವರ ಮಾತು ಕೇಳುತ್ತಿದ್ದಾರೆಯೇ? ಮೊರಾಕ್ಕೊದಲ್ಲಿ ಮುರಿದದ್ದು ಇದೇ. ಇದು ಮುರಿದ ದಿನ ಯಾವ ಕೋಚನ್ನೂ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ, ನಾಳೆಯೇ ಬದಲಿಸಬೇಕು. ಎರಡು, ಹಿಂದೆ ಬಿದ್ದಾಗ ಆಡುವ ಆಟ ಸುಧಾರಿಸುತ್ತಿದೆಯೇ? ಖಾಲಿದ್ ತಮ್ಮ ಹಳೆಯ ರೀತಿಗೆ ಹೊಸದನ್ನು ಸೇರಿಸದಿದ್ದರೆ ಎರಡು ವರ್ಷದ ನಂತರ ಅವರಿಗೆ ಧನ್ಯವಾದ ಹೇಳಿ ಕಳಿಸುವುದೇ ಸರಿ. ಮೂರು, 23ರೊಳಗಿನ ಎಷ್ಟು ಹುಡುಗರನ್ನು, ಅದರಲ್ಲೂ ಫಾರ್ವರ್ಡ್‌ಗಳನ್ನು, ಅವರು ಧೈರ್ಯ ಮಾಡಿ ಆಡಿಸಿದರು?

ಕೋಚಿಗೆ ಈ ಪ್ರಶ್ನೆಗಳನ್ನು ಕೇಳುವವರು ಮೇಲಿನವರಿಗೂ ಕೇಳಬೇಕು. ಲೀಗ್ ವರ್ಷ ವರ್ಷ ಹೇಳಿದ ದಿನಕ್ಕೆ ಶುರುವಾಗುತ್ತದೆಯೇ? ಶಿಬಿರಕ್ಕೆ ಆಟಗಾರರನ್ನು ಬಿಡುವ ಬಗ್ಗೆ ಕ್ಲಬ್‌ಗಳ ಜೊತೆ ಮೊದಲೇ ಒಪ್ಪಂದ ಆಗಿದೆಯೇ? ಭಾರತೀಯ ಫಾರ್ವರ್ಡ್‌ಗೆ ಲೀಗಿನಲ್ಲಿ ಎಷ್ಟು ನಿಮಿಷ ಆಟ ಸಿಗುತ್ತದೆ? ಕೋಚ್ ಸೋತರೆ ಕೋಚ್ ಹೋಗುತ್ತಾನೆ. ಲೀಗ್ ನಿಂತರೆ ಯಾರು ಹೋದರು? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ನಾಲ್ಕನೆಯವರು ಬಂದರೂ, ಐದನೆಯವರು ಬಂದರೂ ಎತ್ತಿನ ಜ್ವರಕ್ಕೆ ಎಮ್ಮೆಗೆ ಬರೆ ಎಳೆದಂತೆಯೇ.

ಕೊನೆಯ ಪ್ರಶ್ನೆ ನಮ್ಮ ಮನೆಗಳಿಗೆ. ವಿಶ್ವಕಪ್ ಬಂದರೆ ಊರ ತುಂಬ ಅರ್ಜೆಂಟೀನಾ, ಬ್ರೆಜಿಲ್ ಬಾವುಟ ಕಟ್ಟುವವರು ನಾವು. ಆದರೆ ಚೆಂಡು ಹಿಡಿದು ಹೊರಟ ಹುಡುಗನಿಗೆ “ಅದರಿಂದ ಎಂತ ಸಿಗುತ್ತದೆ? ಕೂತು ಓದು” ಅನ್ನುವವರೂ ನಾವೇ. ಗದ್ದೆ ಕೊಯ್ಲಾದ ಮೇಲೆ ಸಿಗುತ್ತಿದ್ದ ಜಾಗದಲ್ಲಿ ಈಗ ಕಟ್ಟಡ ಎದ್ದಿದೆ. ಊರಿಗೊಂದು ಚಿಕ್ಕ ಮೈದಾನ ಉಳಿಸಿ ಅಂತ ಪಂಚಾಯತಿನಲ್ಲಿ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಓದೂ ಬೇಕು, ಸಂಜೆ ಒಂದು ಗಂಟೆ ಆಟವೂ ಬೇಕು. ದೇಶದ ತಂಡಕ್ಕೆ ಬೇಕಾದ ಆ ಇಪ್ಪತ್ತೆರಡರ ಫಾರ್ವರ್ಡ್ ಈಗ ಹತ್ತು ವರ್ಷದ ಹುಡುಗ. ಅವನು ಎಲ್ಲಿ ಆಡುತ್ತಿದ್ದಾನೆ ಅನ್ನುವುದು ಯಾರು ಕೋಚ್ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ.